ದುರ್ಗ ಬಿದ್ದಾಗ ಯಾರು ಯಾರ ಕಡೆ?

1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾಯಿತು. ಹೇಗೆ ಎಂದು ಕೇಳಿದರೆ ಇವತ್ತಿಗೂ ಸಿಗುವ ಉತ್ತರ ಒಂದೇ: ಒಳಗಿನವರು ದ್ರೋಹ ಮಾಡಿದರು. ದುರ್ಗವನ್ನು ಆಳುತ್ತಿದ್ದ ನಾಯಕರ ಸೇವೆಯಲ್ಲಿದ್ದ ಮುಸ್ಲಿಂ ಸೈನಿಕರನ್ನು ಹೈದರ್ ಒಳಗೊಳಗೇ ಒಲಿಸಿಕೊಂಡ ಎಂದು ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಬರೆದ. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕೂಡ ಅದನ್ನೇ ಹೇಳಿದರು. ಆ ಮಾತನ್ನು ಹಿಡಿದು ಇಂದಿನ ನೆರೆಹೊರೆಯವರ ಕಡೆ ಬೆರಳು ತೋರಿಸುವವರಿದ್ದಾರೆ. ಇದು ದೊಡ್ಡ ಅನ್ಯಾಯ.

ಏಕೆಂದರೆ ನಿಷ್ಠೆ ಎಂಬುದು ಆ ಕಾಲದಲ್ಲಿ ಯಾರಿಗೂ ಒಂದೇ ಕಡೆ ಇರಲಿಲ್ಲ. 1754ರಲ್ಲಿ ಪಟ್ಟಕ್ಕೆ ಬಂದ ಕೊನೆಯ ಮದಕರಿ ನಾಯಕನನ್ನೇ ನೋಡಿ. 1770ರಲ್ಲಿ ಪೇಶ್ವೆ ಮಾಧವರಾಯನ ದಂಡಿನ ಜೊತೆ ಹೋಗಿ, ಮೈಸೂರಿಗೆ ಸೇರಿದ್ದ ನಿಜಗಲ್ಲು ಕೋಟೆಗೆ ಲಗ್ಗೆ ಹಾಕಿದ್ದು ಅವನದೇ ಸಮುದಾಯದವರಾದ ಬೇಡರ ಪಡೆ. ಮುಂದೆ ಹೈದರನಿಗೆ ಅಧೀನನಾದ. 1777ರಲ್ಲಿ ಮರಾಠರು ಮತ್ತೆ ಏರಿ ಬಂದಾಗ ಹೈದರ್ ಸೈನ್ಯ ಕಳಿಸು ಅಂದ. ನಾಯಕ ಯಾರು ಗೆಲ್ಲುತ್ತಾರೋ ನೋಡೋಣ ಎಂದು ಕಾದ. ಎರಡು ಬಲಿಷ್ಠ ದಂಡುಗಳ ನಡುವೆ ಸಿಕ್ಕಿದ ಪಾಳೆಯಗಾರನಿಗೆ ಬೇರೆ ದಾರಿಯಾದರೂ ಏನಿತ್ತು? ಅವನನ್ನು ನಾವು ದ್ರೋಹಿ ಅನ್ನುವುದಿಲ್ಲ, ಅನ್ನಲೂಬಾರದು. ಹೈದರನ ಕಾಲಾಳು ಪಡೆಯಲ್ಲೂ ಬೇಡರು ಬಹಳ ಮಂದಿ ಇದ್ದರು. ಅವರನ್ನೂ ಯಾರೂ ಹಾಗೆ ಕರೆಯುವುದಿಲ್ಲ. ಸಂಬಳ, ಉಂಬಳಿ, ಹೆಂಡತಿ ಮಕ್ಕಳ ಅನ್ನ ಎಲ್ಲಿದೆಯೋ ಅಲ್ಲಿ ಸಿಪಾಯಿ ಇರುತ್ತಿದ್ದ. ಈ ರಿಯಾಯಿತಿ ಒಂದು ಧರ್ಮದವರಿಗೆ ಮಾತ್ರ ಯಾಕಿಲ್ಲ?

ಮುತ್ತಿಗೆಯ ನಡುವೆ ಬೇಡರು ಕೊಂಬು ಊದಿ ಕೋಟೆಯಿಂದ ನುಗ್ಗಿ, ಶತ್ರುಗಳ ತಲೆ ತಂದು ದೇವಿಗೆ ಒಪ್ಪಿಸುತ್ತಿದ್ದರಂತೆ. ಅಷ್ಟು ಗಟ್ಟಿಯಾಗಿ ನಿಂತವರ ಗತಿ ಕೋಟೆ ಬಿದ್ದ ಮೇಲೆ ಏನಾಯಿತು ಎಂಬುದನ್ನು ಮಾತ್ರ ನಾವು ಸಾಕಷ್ಟು ಹೇಳಿಲ್ಲ. ನಾಯಕನನ್ನು ಕುಟುಂಬ ಸಮೇತ ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ಸೆರೆಯಲ್ಲೇ ತೀರಿಕೊಂಡ. ರೈಸ್ ಕೊಡುವ ಲೆಕ್ಕದಂತೆ ಸುಮಾರು 20,000 ಬೇಡರನ್ನೂ ಅಲ್ಲಿಗೇ ಸಾಗಿಸಲಾಯಿತು. ಅವರಲ್ಲಿ ಎಳೆಯ ಹುಡುಗರನ್ನು ಆರಿಸಿ, ಮತಾಂತರಿಸಿ, ಚೇಲಾ (ಶಿಷ್ಯ) ಎಂಬ ಹೆಸರಿನ ಪಡೆಗಳನ್ನು ಕಟ್ಟಿದರು. ಊರು ಕಸಿದುಕೊಂಡವನ ಬಾವುಟದ ಕೆಳಗೇ ಅವರು ಕವಾಯತು ಕಲಿಯಬೇಕಾಯಿತು. ಆ ಮಕ್ಕಳ ನಿಷ್ಠೆ ಯಾವ ಕಡೆಗೆ ಎಂದು ಯಾವ ಬಾಯಲ್ಲಿ ಕೇಳುವುದು?

ದುರ್ಗದಲ್ಲಿ ಹೊಸ ಆಡಳಿತ ಕೋಟೆಯನ್ನು ಬಲಪಡಿಸಿತು, ಕಣಜ, ಎಣ್ಣೆಕೊಳ, ಮಸೀದಿ ಕಟ್ಟಿಸಿತು. ಬೇತೂರಿಗೆ ಅಂಟಿಕೊಂಡ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರ್ ಜಹಗೀರಾಗಿ ಕೊಟ್ಟಿದ್ದು ತನ್ನ ಧರ್ಮದವನಿಗಲ್ಲ, ಆಪೋಜಿರಾಮ್ ಎಂಬ ಮರಾಠ ಸರದಾರನಿಗೆ. ವ್ಯಾಪಾರಿಗಳನ್ನು ಕರೆದು ಅಲ್ಲಿ ನೆಲೆ ನಿಲ್ಲಿಸಿದವನು ಅವನೇ.