ಬೆರಳಿಗೆ ಬಾಗುವ ಎರಕದ ಕಬ್ಬಿಣ

ಮೇಜಿನ ಮೇಲೆ ಕೂರುವ ನನ್ನ ಪುಟ್ಟ ಮಿಲ್ಲಿಂಗ್ ಮಷಿನ್ (ತಿರುಗುವ ಹಲ್ಲಿನ ಕಟರ್‌ನಿಂದ ಲೋಹ ಕೆತ್ತುವ ಯಂತ್ರ) ಸುಮಾರು 60 ಕಿಲೋ ತೂಗುತ್ತದೆ. ಮೊದಲ ಸಲ ಅದರಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ತುಂಡು ಕತ್ತರಿಸಲು ಹೋದೆ. ಪಕ್ಕದ ಮನೆಗೂ ಕೇಳಿಸುವಷ್ಟು ಕಿರುಚಿತು. ಜಾಬ್, ಅಂದರೆ ಕತ್ತರಿಸುತ್ತಿದ್ದ ತುಂಡು, ತೆಗೆದು ನೋಡಿದರೆ ಮೇಲೆಲ್ಲ ತಗಡಿನ ಶೀಟಿನ ಹಾಗೆ ಏರಿಳಿತ!

ತಪ್ಪು ಕಟರ್‌ನದು ಅಂದುಕೊಂಡೆ. ಆಮೇಲೆ ಮಷಿನ್‌ನಲ್ಲಿ ಜಾಬ್ ಕೂರಿಸುವ ಟೇಬಲ್ ಮೇಲೆ ಡಯಲ್ ಗೇಜ್ (ತುಸು ಸರಿದರೂ ತೋರಿಸುವ ಮುಳ್ಳಿನ ಅಳತೆ ಸಾಧನ) ಇಟ್ಟು, ಅದರ ತುದಿಯನ್ನು ಕಟರ್ ಹಿಡಿದು ತಿರುಗಿಸುವ ಸ್ಪಿಂಡಲ್‌ಗೆ ತಾಗಿಸಿ, ಮಷಿನ್ ತಲೆಯನ್ನು ಹೆಬ್ಬೆರಳಿನಿಂದ ಸುಮ್ನೆ ಒತ್ತಿದೆ. ಮುಳ್ಳು ಎರಡು ಗೆರೆ ಸರಿಯಿತು. ಅಂದರೆ 0.02 ಮಿಮೀ. ನನ್ನ ಬೆರಳಿಗೇ ಬಾಗುವ ಕಬ್ಬಿಣ ಉಕ್ಕಿನ ಏಟಿಗೆ ಬಾಗದೆ ಇರುತ್ತದಾ?

ಕಟರ್‌ನ ಒಂದು ಹಲ್ಲು ಕಚ್ಚಿದಾಗ ಎಲ್ಲವೂ ತುಸು ನಡುಗುತ್ತದೆ. ಆ ನಡುಕ ಲೋಹದ ಮೇಲೆ ಅಲೆಯಾಗಿ ಉಳಿಯುತ್ತದೆ. ಮುಂದಿನ ಹಲ್ಲಿಗೆ ಸಿಗುವುದು ಆ ಅಲೆಯೇ. ಒಮ್ಮೆ ದಪ್ಪ, ಒಮ್ಮೆ ತೆಳು. ಹಾಗಾಗಿ ಅದು ಇನ್ನೂ ಜಾಸ್ತಿ ನಡುಗುತ್ತದೆ. ವರ್ಕ್‌ಶಾಪಿನವರು ಇದಕ್ಕೆ ‘ಚ್ಯಾಟರ್’ ಅನ್ನುತ್ತಾರೆ. ಟನ್‌ಗಟ್ಟಲೆ ತೂಗುವ ದೊಡ್ಡ ಮಷಿನ್‌ಗೂ ಇದು ತಪ್ಪಿದ್ದಲ್ಲ, ನಮ್ಮದಕ್ಕೆ ಬೇಗ ಅಂಟುತ್ತದೆ ಅಷ್ಟೆ.

ಎಂಡ್ ಮಿಲ್ (ಕಡ್ಡಿಯಂಥ ಕಟರ್) ಹೊರಗೆ ಚಾಚಿದ ಉದ್ದ ಎರಡು ಪಟ್ಟಾದರೆ ಅದರ ಬಾಗು ಎರಡು ಪಟ್ಟಲ್ಲ, ಎಂಟು ಪಟ್ಟು. ದಪ್ಪ ಅರ್ಧವಾದರೆ ಹದಿನಾರು ಪಟ್ಟು. ಅದಕ್ಕೇ ಈಗ ಕಟರನ್ನು ಆದಷ್ಟು ಒಳಗೆ ತಳ್ಳಿ ಬಿಗಿಯುತ್ತೇನೆ. ಆಗ ಸರಿಸಬೇಕಿಲ್ಲದ, ಜಾರುವ ಭಾಗಗಳಾದ ಸ್ಲೈಡ್‌ಗಳನ್ನು ಲಾಕ್ ಮಾಡುತ್ತೇನೆ. ವೇಗದ ಲೆಕ್ಕವೂ ಸುಲಭ. 10 ಮಿಮೀ ಕಟರ್‌ನ ಅಂಚು ಒಂದು ಸುತ್ತಿಗೆ 31.4 ಮಿಮೀ ಓಡುತ್ತದೆ. ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಕಟರ್‌ಗೆ ಎಂಎಸ್‌ನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್ ಸಾಕು, ಅಂದರೆ ನಿಮಿಷಕ್ಕೆ 800 ಸುತ್ತು. ಅಲ್ಯೂಮಿನಿಯಂಗೆ ಇದರ ಮೂರು ಪಟ್ಟು ಕೊಟ್ಟರೂ ನಡೆಯುತ್ತದೆ.

ಹೆದರಿ ಟೇಬಲ್ ಸರಿಸುವ ಹ್ಯಾಂಡಲನ್ನು ತೀರಾ ನಿಧಾನಕ್ಕೆ ತಿರುಗಿಸುವುದೂ ತಪ್ಪು. ಹಲ್ಲು ಕತ್ತರಿಸುವ ಬದಲು ಸುಮ್ನೆ ಉಜ್ಜುತ್ತದೆ, ಬಿಸಿಯಾಗುತ್ತದೆ, ಮೊಂಡಾಗುತ್ತದೆ. ಇನ್ನು ಟೇಬಲ್ ಸ್ಕ್ರೂ ಮತ್ತು ನಟ್ ನಡುವಿನ ಸಡಿಲ. ಹಲ್ಲು ಟೇಬಲ್ ಹೋಗುವ ಕಡೆಗೇ ತಿರುಗಿದರೆ ಆ ಸಡಿಲದಷ್ಟೂ ಜಾಬನ್ನು ಒಮ್ಮೆಲೇ ಒಳಗೆಳೆದುಕೊಳ್ಳುತ್ತದೆ. ನನ್ನ 6 ಮಿಮೀ ಕಟರ್ ಹಾಗೇ ಟಪ್ ಅಂತ ಮುರಿದದ್ದು. ಎದುರು ದಿಕ್ಕಿನಲ್ಲಿ ಕತ್ತರಿಸಿದರೆ ಈ ಕಾಟ ಇಲ್ಲ.

ಮೊನ್ನೆ ಅದೇ ಎಂಎಸ್ ಪಟ್ಟಿ, 800 ಸುತ್ತು, ಅರ್ಧ ಮಿಮೀ ಆಳ. ಕಿರುಚಾಟ ಇರಲಿಲ್ಲ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಲೋಹದ ಚಿಪ್ಸ್ ಸಿಡಿದವು, ಒಂದೆರಡು ಅಂಗಿಯ ಕಾಲರ್ ಒಳಗೂ.