ಬೆತ್ತ ಹೋಯಿತು, ಸ್ಟಾರ್ ಬಂತು: ಮಕ್ಕಳು ಒಳ್ಳೆಯವರಾಗುವುದು ಯಾವುದರಿಂದ?

ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದು ಎನ್ನುವ ಕಾನೂನು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಇಷ್ಟು ವರ್ಷ ಕಳೆದರೂ ಊರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಸಭೆಯಲ್ಲಿ ಈ ಮಾತು ಎದ್ದರೆ ಮೂರು ಗುಂಪಾಗುತ್ತದೆ. "ಈಗಿನ ಮಕ್ಕಳಿಗೆ ಭಯವೇ ಇಲ್ಲ, ಅದಕ್ಕೇ ಹೀಗೆ" ಎನ್ನುವವರು ಕೆಲವರು. "ಹೊಡೆಯೋದ್ಯಾಕೆ, ಏನಾದ್ರೂ ಬಹುಮಾನ ಇಡಿ, ತಾವಾಗೇ ಮಾಡ್ತಾವೆ" ಎನ್ನುವವರು ಇನ್ನು ಕೆಲವರು. "ಪ್ರೀತಿಯಿಂದ ಹೇಳಿದ್ರೆ ಯಾವ ಮಗು ಕೇಳಲ್ಲ?" ಎನ್ನುವವರೂ ಇರುತ್ತಾರೆ, ಆದರೆ ಅವರ ದನಿ ಸಣ್ಣದು. ಮೇಲ್ನೋಟಕ್ಕೆ ಇದು ಶಿಸ್ತಿನ ಮಾತು. ಒಳಗಿರುವ ಪ್ರಶ್ನೆ ಬೇರೆ. ಮಗು ಸುಳ್ಳು ಹೇಳದೆ ಇರುವುದು ಏಟಿಗೆ ಹೆದರಿಯೋ, ಏನೋ ಸಿಗುತ್ತದೆ ಎಂದೋ, ಇಲ್ಲಾ ತನ್ನನ್ನು ನಂಬಿದವರ ಮೇಲಿನ ಪ್ರೀತಿಯಿಂದಲೋ?

ಪ್ರಶ್ನೆ ಹೊಸದಲ್ಲ. ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದು ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ. ಒಳ್ಳೆಯ ನಡತೆಗೆ ಮುಂದೆಲ್ಲೋ ಸಂಬಳ ಸಿಗುತ್ತದೆ, ಕೆಟ್ಟದ್ದಕ್ಕೆ ಎಲ್ಲೋ ಬೆಂಕಿ ಕಾದಿದೆ ಎಂಬ ಲೆಕ್ಕಾಚಾರವನ್ನೇ ಆ ಮಾತು ಪಕ್ಕಕ್ಕೆ ಇಟ್ಟಿತು. ನಮ್ಮ ಶಾಲೆಗಳು ಮಾತ್ರ ಆ ಲೆಕ್ಕಾಚಾರವನ್ನೇ ಹಿಡಿದುಕೊಂಡು ನಡೆದವು.

ಎಷ್ಟು ಹಿಂದಿನಿಂದ ಎನ್ನುವುದಕ್ಕೆ ಬಳ್ಳಾರಿಯಲ್ಲೇ ಒಂದು ದಾಖಲೆ ಇದೆ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳ ಶಾಲೆಗಳ ವಿವರ ಕೇಳಿದ. ಮರುವರ್ಷ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು ಎಂಬ ಲೆಕ್ಕ ಅದರಲ್ಲಿದೆ. ಅದಕ್ಕಿಂತ ಮುಖ್ಯವಾದದ್ದು ಬೆಳಗಿನ ಹಾಜರಿಯ ವಿವರಣೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ 'ಸರಸ್ವತಿ' ಎಂದು ಬರೆಯುತ್ತಿದ್ದರು. ಅದು ಅವನಿಗೆ ಸಿಗುವ ಗೌರವ. ಎರಡನೆಯವನ ಕೈ ಮೇಲೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು. ನಾಲ್ಕನೆಯವನಿಗೆ ಎರಡು. ಆಮೇಲೆ ಬಂದವರಿಗೆಲ್ಲ ಒಂದೊಂದು ಜಾಸ್ತಿ.

ಇಡೀ ಶಾಲೆ ಸರಿಯಾದ ಹೊತ್ತಿಗೇ ಬಂದರೂ ಒಬ್ಬನಿಗಷ್ಟೇ ಸರಸ್ವತಿ. ಇಪ್ಪತ್ತನೆಯವನಿಗೆ ಹದಿನೆಂಟು ಏಟು ಬಿದ್ದೇ ಬೀಳಬೇಕು. ಅವನು ಸೋಮಾರಿಯೋ, ಮನೆ ದೂರವೋ, ಬೆಳಗ್ಗೆ ದನಕ್ಕೆ ನೀರು ಕುಡಿಸಿ ಬರಬೇಕಿತ್ತೋ ಎಂದು ಕೇಳಲು ಆ ಏರ್ಪಾಟಿನಲ್ಲಿ ಜಾಗವಿಲ್ಲ. ಬಹುಮಾನ ಮತ್ತು ಭಯ ಎರಡು ಬೇರೆ ದಾರಿ ಎಂದು ನಾವು ಇವತ್ತು ವಾದ ಮಾಡುತ್ತೇವೆ. ಇನ್ನೂರು ವರ್ಷದ ಹಿಂದಿನ ಬಳ್ಳಾರಿಯಲ್ಲಿ ಅವೆರಡೂ ಒಂದೇ ಸಾಲಿನ ಎರಡು ತುದಿಗಳಾಗಿದ್ದವು.

ಓದದ ಹುಡುಗನನ್ನು ಎರಡೂ ಕೈ ಕಟ್ಟಿ ಮಾಡಿಗೆ ನೇತು ಹಾಕುತ್ತಿದ್ದರು, ಕೂತು ಏಳಿಸುತ್ತಿದ್ದರು ಎಂದೂ ಅದೇ ವರದಿಯಲ್ಲಿದೆ. ಹಗ್ಗದಲ್ಲಿ ಜಂತೆಗೆ ನೇತು ಹಾಕುವುದಕ್ಕೆ ನಮ್ಮ ಕೂಲಿಮಠಗಳಲ್ಲಿ, ಅಂದರೆ ಹಿಂದಿನ ಕಾಲದ ಊರ ಶಾಲೆಗಳಲ್ಲಿ, 'ಕೋದಂಡ' ಎಂಬ ಹೆಸರೇ ಇತ್ತು. ಕೂತು ಏಳಿಸುವುದಂತೂ ಬಸ್ಕಿ. ಅದನ್ನು ವಿವರಿಸುವ ಅಗತ್ಯವೇ ಇಲ್ಲ.

ಮುಂದಿನ ನೂರೈವತ್ತು ವರ್ಷದಲ್ಲಿ ಕೂಲಿಮಠ ಹೋಗಿ ಸರ್ಕಾರಿ ಶಾಲೆ ಬಂತು, ಐಗಳು ಹೋಗಿ ಮೇಷ್ಟ್ರು ಬಂದರು, ಕೋದಂಡ ಹೋಗಿ ಬೆತ್ತ ಉಳಿಯಿತು. 1860ರ ದಂಡ ಸಂಹಿತೆಯ 89ನೇ ಕಲಂ, 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆಂದು ಪೋಷಕರ ಒಪ್ಪಿಗೆಯಿಂದ ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ಕೊಟ್ಟಿತ್ತು. ಕೇಸು ಕೋರ್ಟಿಗೆ ಹೋದಾಗ ಬೆತ್ತಕ್ಕೂ ಅದೇ ಆಸರೆ. ನೀತಿ ಶಿಕ್ಷಣ ಬೇಕು ಎಂದು 1959ರಲ್ಲಿ ನೇಮಕವಾದ ಶ್ರೀಪ್ರಕಾಶ ಸಮಿತಿ ಹೇಳಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಅದನ್ನೇ ಹೇಳಿತು. ಟೈಮ್‌ಟೇಬಲ್‌ನಲ್ಲಿ ನೀತಿ ಪಾಠದ ಪೀರಿಯಡ್ ಬಂತು. ಬಹಳ ಕಡೆ ಆ ಪೀರಿಯಡ್ಡನ್ನು ಮುಗಿಯದ ಗಣಿತ ತೆಗೆದುಕೊಂಡಿತು.

ನೀತಿಯ ನಿಜವಾದ ಪಾಠ ನಡೆಯುತ್ತಿದ್ದದ್ದು ಉಳಿದ ಪೀರಿಯಡ್‌ಗಳಲ್ಲಿ. ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹುಣಸೆ ಕಡ್ಡಿ ತರಲು ಏಟು ತಿನ್ನಬೇಕಾದ ಹುಡುಗನನ್ನೇ ಕಳಿಸುತ್ತಿದ್ದರು. ಸಣ್ಣದು ತಂದರೆ ಮತ್ತೆ ಹೋಗಬೇಕು. ಬೆಂಚಿನ ಮೇಲೆ ನಿಲ್ಲುವುದು, ಬಿಸಿಲಲ್ಲಿ ಮಂಡಿಯೂರುವುದು, ಇಲ್ಲದ ಕುರ್ಚಿಯಲ್ಲಿ ಕೂರುವುದು, ಇವೆಲ್ಲ ದಿನದ ಮಾತು. "ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದ್ರೂ ಹೊಡೀರಿ ಮೇಷ್ಟ್ರೇ" ಎಂದು ಅಪ್ಪಂದಿರೇ ಹೇಳಿ ಹೋಗುತ್ತಿದ್ದರು. ಅವರಿಗೆ ಮಗನ ಮೇಲೆ ಪ್ರೀತಿ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ತಾನು ಹೆಬ್ಬೆಟ್ಟು, ಮಗ ಹಾಗಾಗಬಾರದು ಎಂಬ ಆಸೆ ಅವರನ್ನು ಹಾಗೆ ಮಾತಾಡಿಸುತ್ತಿತ್ತು.

ಅದರಲ್ಲಿ ಎರಡು ಪದ್ಧತಿಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಮೂಗು ಹಿಡಿದು ಕೆನ್ನೆಗೆ ಹೊಡೆಸುವುದು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿಲ್ಲದವರು ನಿಂತೇ ಇರುತ್ತಾರೆ. ಯಾರೋ ಒಬ್ಬರು ಸರಿಯಾಗಿ ಹೇಳುತ್ತಾರೆ. ಹೇಳಿದವರು ಸಾಲಾಗಿ ಹೋಗಿ, ನಿಂತವರ ಮೂಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕೆನ್ನೆಗೆ ಹೊಡೆಯಬೇಕು. ಗೆಳತಿ ಎಂದು ಮೆಲ್ಲಗೆ ತಟ್ಟಿದರೆ, "ಹೀಗಲ್ಲ, ಹೀಗೆ" ಎಂದು ಮೇಷ್ಟ್ರು ಹೊಡೆದವಳಿಗೇ ತೋರಿಸಿಕೊಡುತ್ತಿದ್ದರು. ಸರಿ ಉತ್ತರಕ್ಕೆ ಸಿಕ್ಕ ಬಹುಮಾನ ಇನ್ನೊಬ್ಬರಿಗೆ ಹೊಡೆಯುವ ಹಕ್ಕು. ಕರುಣೆ ತೋರಿಸಿದ ಮಗುವಿಗೆ ಶಿಕ್ಷೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಕೆಟ್ಟ ಪಾಠ ಬೇರೆಲ್ಲಾದರೂ ನಡೆದಿತ್ತೇ ಎಂದು ಯೋಚಿಸಿದರೆ ನನಗೆ ಉತ್ತರ ಹೊಳೆಯುವುದಿಲ್ಲ.

ಇನ್ನೊಂದು, ಮಾತಾಡಿದವರ ಹೆಸರು ಬರೆಯುವುದು. ಮೇಷ್ಟ್ರು ಆಫೀಸ್ ರೂಮಿಗೆ ಹೋದರೆ ಕ್ಲಾಸ್ ಲೀಡರ್ ಸೀಮೆಸುಣ್ಣ ಹಿಡಿದು ಬೋರ್ಡಿನ ಪಕ್ಕ ನಿಲ್ಲುತ್ತಿದ್ದ. ತುಟಿ ಅಲುಗಿದರೆ ಹೆಸರು ಬೋರ್ಡಿಗೆ. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಲೀಡರ್‌ನ ಗೆಳೆಯರ ಹೆಸರು ಬೋರ್ಡಿಗೆ ಏರುತ್ತಿರಲಿಲ್ಲ. ಪೇರಲೆ ಹಣ್ಣು ಕೊಟ್ಟವರ ಹೆಸರು ಅಳಿಸಿ ಹೋಗುತ್ತಿತ್ತು. ಕ್ಲಾಸ್ ಗಪ್‌ಚಿಪ್ ಇರುತ್ತಿತ್ತು, ನಿಜ. ಸುಮ್ಮನಿರುವುದು ಯಾಕೆ ಒಳ್ಳೆಯದು ಎಂದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ನೋಡುತ್ತಿರುವವನನ್ನು ಹೇಗೆ ನಿಭಾಯಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತಾಯಿತು.

ಇದಕ್ಕೆ ಮೇಷ್ಟ್ರನ್ನು ದೂರುವುದು ಸುಲಭ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ, ಒಬ್ಬರೇ ಶಿಕ್ಷಕರು. ನಡುವೆ ಜನಗಣತಿ, ಚುನಾವಣೆ ಕೆಲಸ. ಅರವತ್ತು ಮಕ್ಕಳ ಜೊತೆ ಕೂತು, "ಯಾಕಪ್ಪಾ ಹಾಗೆ ಮಾಡಿದೆ?" ಎಂದು ಒಬ್ಬೊಬ್ಬರನ್ನೇ ಕೇಳುವಷ್ಟು ಹೊತ್ತು ಅವರಿಗಿರಲಿಲ್ಲ. ಬೆತ್ತಕ್ಕೆ ಹೊತ್ತು ಬೇಡ. ಅದು ಅಷ್ಟು ವರ್ಷ ಉಳಿದುಕೊಂಡಿದ್ದಕ್ಕೆ ಇದೂ ದೊಡ್ಡ ಕಾರಣ.

ಬೇರೆ ದಾರಿ ಹುಡುಕಿದವರು ಇರಲಿಲ್ಲವೇ? ಇದ್ದರು. ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಗಾಂಧಿ ಹೊಡೆತಕ್ಕೆ ವಿರೋಧವಾಗಿದ್ದರು. ಆದರೂ ಒಮ್ಮೆ ತಾಳ್ಮೆ ಕಳೆದುಕೊಂಡು, ಹದಿನೇಳರ ಹುಡುಗನೊಬ್ಬನ ತೋಳಿಗೆ ರೂಲರ್‌ನಿಂದ ಹೊಡೆದರು. ಹೊಡೆಯುವಾಗ ಅವರ ಕೈಯೇ ನಡುಗುತ್ತಿತ್ತು. ತಿರುಗಿ ಹೊಡೆಯುವಷ್ಟು ಗಟ್ಟಿಮುಟ್ಟಾಗಿದ್ದ ಆ ಹುಡುಗ ಅತ್ತು ಕ್ಷಮೆ ಕೇಳಿದ. ಏಟು ನೋಯಿಸಿತು ಎಂದಲ್ಲ, ತನ್ನ ನೋವು ಅವನಿಗೆ ತಿಳಿಯಿತು ಎಂದು ಗಾಂಧಿ ಬರೆದುಕೊಂಡಿದ್ದಾರೆ. ಆ ಏಟಿಗಾಗಿ ಈಗಲೂ ಪಶ್ಚಾತ್ತಾಪಪಡುತ್ತೇನೆ ಎಂದೂ ಅವರು ವರ್ಷಗಳ ನಂತರ ಆತ್ಮಕಥೆಯಲ್ಲಿ ಬರೆದರು.

ಕಾನೂನು ಬದಲಾಗಲು ಇನ್ನೂ ಬಹಳ ಕಾಲ ಹಿಡಿಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ದೈಹಿಕ ಶಿಕ್ಷೆ ಬೇಡ ಎಂದಿತು. 1992ರಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. 2000ದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಅಲ್ಲಿನ ಶಾಲಾ ನಿಯಮದಲ್ಲಿದ್ದ ಬೆತ್ತದ ಅವಕಾಶವನ್ನು ರದ್ದು ಮಾಡಿತು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಅಧ್ಯಯನ ಪ್ರಕಟಿಸಿತು. ಶಾಲೆಗೆ ಹೋಗುವ ಮೂವರಲ್ಲಿ ಇಬ್ಬರು ಮಕ್ಕಳು ತಮಗೆ ಏಟು ಬಿದ್ದಿದೆ ಎಂದಿದ್ದರು. ಆಮೇಲೆ ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿತು. ಜನ ಗಮನಿಸದ ಒಂದು ವಿಷಯ ಇಲ್ಲಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು. ಹೈಸ್ಕೂಲಿನ ಕೊನೆಯ ಎರಡು ವರ್ಷ, ಪಿಯುಸಿ ಅದರ ಹೊರಗೇ ಉಳಿದವು. ಅದೇ ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರು ಎಂದೂ ಹೇಳುತ್ತದೆ. ಬೆತ್ತ ಬೇಡ ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ಶಿಕ್ಷಕರ ಸಂಖ್ಯೆಯ ಸಾಲನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ.

ಈ ನಡುವೆ ಕರ್ನಾಟಕದಲ್ಲಿ ಒಂದು ಒಳ್ಳೆಯ ಕೆಲಸ ನಡೆದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಅದನ್ನು ಕಟ್ಟಿದರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಪಾಠವೆಲ್ಲ ಕಾರ್ಡುಗಳಲ್ಲಿ. ಕಲಿಕೆಯ ಏಣಿಯಲ್ಲಿ ಯಾರು ಯಾವ ಮೆಟ್ಟಿಲಲ್ಲಿದ್ದಾರೋ ಅಲ್ಲಿಂದಲೇ ಮುಂದಕ್ಕೆ. ಮೂರು ದಿನ ಕಳೆ ಕೀಳಲು ಹೋಗಿ ಬಂದ ಹುಡುಗಿ ಯಾರಿಗೂ ಹೆದರಬೇಕಿಲ್ಲ, ಬಿಟ್ಟ ಕಾರ್ಡಿನಿಂದ ಶುರು ಮಾಡಿದರಾಯಿತು. ಮೊದಲು ಬಂದವರಿಗೆ ಸರಸ್ವತಿ, ಕೊನೆಯವರಿಗೆ ಏಟು ಎನ್ನುವ ಸಾಲೇ ಇಲ್ಲಿಲ್ಲ. ಮುಂದಿನ ಮೆಟ್ಟಿಲಲ್ಲಿರುವ ಮಗು ಹಿಂದಿನ ಮಗುವಿಗೆ ಹೇಳಿಕೊಡುತ್ತದೆ. ಮೂಗು ಹಿಡಿದು ಹೊಡೆಸುತ್ತಿದ್ದ ಕ್ಲಾಸಿನ ಪಕ್ಕ ಇದನ್ನಿಟ್ಟು ನೋಡಿ. 2009-10ರಲ್ಲಿ ಇದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಎಲ್ಲ ಕಡೆ ಅದೇ ಹುರುಪಿನಿಂದ ನಡೆಯಿತು ಎಂದು ಹೇಳಲಾರೆ. ಆದರೂ ಹೆದರಿಸದೆ ಶಾಲೆ ನಡೆಸಬಹುದು ಎಂದು ನಮ್ಮ ಸರ್ಕಾರಿ ಶಿಕ್ಷಕರೇ ತೋರಿಸಿಕೊಟ್ಟಿದ್ದಾರೆ. ಅದು ಸಣ್ಣ ಮಾತಲ್ಲ.

ಉಳಿದ ತರಗತಿಗಳಲ್ಲಿ, ಅದರಲ್ಲೂ ಖಾಸಗಿ ಶಾಲೆಗಳಲ್ಲಿ, ಬೆತ್ತ ಬಿಟ್ಟ ಜಾಗಕ್ಕೆ ಬಹುಮಾನ ಬಂದು ಕೂತಿತು. ಕೈ ಮೇಲೆ ಸ್ಟಾರ್, ಗೋಡೆ ಮೇಲೆ ಪಾಯಿಂಟ್ ಚಾರ್ಟ್, ವಾರಕ್ಕೊಬ್ಬರು 'ಬೆಸ್ಟ್ ಸ್ಟೂಡೆಂಟ್'. ಇದರ ಬಗ್ಗೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಒಂದು ಪ್ರಯೋಗದ ವಿವರ 1973ರಲ್ಲೇ ಪ್ರಕಟವಾಗಿತ್ತು. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ನರ್ಸರಿ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ, ಚಿತ್ರ ಬರೆದರೆ ಬಂಗಾರದ ನಕ್ಷತ್ರವಿರುವ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಮೇಲೆ ಬಹುಮಾನದ ಮಾತಿಲ್ಲದೆ ಸುಮ್ನೆ ಪೆನ್ನು, ಹಾಳೆ ಇಟ್ಟು ನೋಡಿದರು. ಉಳಿದ ಮಕ್ಕಳು ಚಿತ್ರ ಬಿಡಿಸಿದ ಸಮಯದ ಅರ್ಧದಷ್ಟನ್ನು ಮಾತ್ರ ಈ ಮಕ್ಕಳು ಕಳೆದರು. ಇಷ್ಟಪಟ್ಟು ಮಾಡುತ್ತಿದ್ದದ್ದು ಬಹುಮಾನದ ಕೆಲಸವಾಗಿ ಬದಲಾಗಿತ್ತು. ಚಿತ್ರಕ್ಕೆ ಹೀಗಾದರೆ, ಬಿದ್ದವನನ್ನು ಎಬ್ಬಿಸಿದ್ದಕ್ಕೂ ಒಂದು ಸ್ಟಾರ್ ಕೊಟ್ಟರೆ ಏನಾದೀತು, ಯೋಚಿಸಬೇಕಾದ್ದೇ ಅಲ್ವಾ?

ಭಯವೂ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೇ. "ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ" ಎಂಬ ಮಾತಿಗೆ ಬೆತ್ತ ಬೇಕಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾ ಚಿತ್ರವನ್ನು ಬೇರೆ ಕಡೆ ಕೂತು ನೋಡುವ ವ್ಯವಸ್ಥೆ ಅದು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಮಿತಿಯನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಇಳಿಕೆಗೆ ಕ್ಯಾಮೆರಾ ಒಂದೇ ಕಾರಣ ಎನ್ನಲು ಬರುವುದಿಲ್ಲ, ಆದರೆ ಎಲ್ಲರೂ ಮೊದಲು ಬೊಟ್ಟು ಮಾಡಿದ್ದು ಅದನ್ನೇ. ನಕಲು ನಿಂತಿದ್ದು ಒಳ್ಳೆಯದೇ. ಕಷ್ಟಪಟ್ಟು ಓದಿದ ಮಕ್ಕಳಿಗೆ ಅದರಿಂದ ನ್ಯಾಯ ಸಿಗುತ್ತದೆ. ಆದರೆ ಕ್ಯಾಮೆರಾ ಇರುವ ಕೋಣೆಯಲ್ಲಿ ನಕಲು ಮಾಡದ ಮಗು, ಕ್ಯಾಮೆರಾ ಇಲ್ಲದ ಕೋಣೆಯಲ್ಲಿ ಏನು ಮಾಡುತ್ತದೆ ಎಂದು ಆ ಫಲಿತಾಂಶ ಹೇಳುವುದಿಲ್ಲ.

ಇವತ್ತಿನ ಚರ್ಚೆಯೆಲ್ಲ ಕ್ಯಾಮೆರಾ ಬೇಕೇ, ಕೃಪಾಂಕ ಬೇಕೇ, ಮೇಷ್ಟ್ರಿಗೆ ಬೆತ್ತ ವಾಪಸ್ ಕೊಡಬೇಕೇ ಎಂಬುದರ ಸುತ್ತಲೇ ಇದೆ. ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ಕ್ಯಾಮೆರಾ ಎದುರಾಗುವುದು ಹತ್ತನೆಯದರಲ್ಲಿ. ನಡುವಿನ ಆರು ವರ್ಷ ಆ ಮಕ್ಕಳ ಜೊತೆ ಕೂತು ಮಾತಾಡುವಷ್ಟು ಶಿಕ್ಷಕರು ಶಾಲೆಯಲ್ಲಿದ್ದಾರೆಯೇ, ಒಬ್ಬರಿಗೆ ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ? ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವ ಪೋಷಕರು ಮೊದಲು ಕೇಳಬೇಕಾದದ್ದು ಇದನ್ನು.