ಎರಡು ಗುರಾಣಿಗಳ ಬೆಳ್ಳಿ ನಾಣ್ಯ

ರೋಮನ್ ಬೆಳ್ಳಿ ನಾಣ್ಯ ಕೈಗೆ ಸಿಕ್ಕರೆ ಎಲ್ಲರೂ ಮೊದಲು ನೋಡುವುದು ಚಕ್ರವರ್ತಿಯ ಮುಖ. ನಾನು ಮೊದಲು ಹಿಂಬದಿ ತಿರುಗಿಸುತ್ತೇನೆ. ಅರಮನೆಯ ಒಳಗಿನ ಸುದ್ದಿ ಇರುವುದು ಅಲ್ಲೇ.

ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಒಂದು ದೆನಾರಿಯಸ್ ತೆಗೆದುಕೊಳ್ಳಿ; ರೋಮನ್ನರ ಬೆಳ್ಳಿ ನಾಣ್ಯದ ಹೆಸರು ಅದು. ತೂಕ ನಾಲ್ಕು ಗ್ರಾಂಗೆ ಸ್ವಲ್ಪ ಕಡಿಮೆ. ಹಿಂಬದಿಯಲ್ಲಿ ಇಬ್ಬರು ಹುಡುಗರು, ನಡುವೆ ಎರಡು ಗುರಾಣಿ, ಎರಡು ಈಟಿ. ಇವರು ಗಾಯಸ್ ಮತ್ತು ಲೂಸಿಯಸ್. ಮಗಳು ಜೂಲಿಯಾಳ ಮಕ್ಕಳನ್ನೇ ಅಗಸ್ಟಸ್ ದತ್ತು ತೆಗೆದುಕೊಂಡಿದ್ದ. ಆ ಗುರಾಣಿ, ಈಟಿಗಳು ಸುಮ್ನೆ ಅಲಂಕಾರವಲ್ಲ. ರೋಮಿನ ಕುದುರೆ ಸವಾರರ ವರ್ಗದವರು ಈ ಹುಡುಗರನ್ನು 'ಯುವಕರ ನಾಯಕರು' ಎಂದು ಕರೆದು ಬೆಳ್ಳಿಯ ಗುರಾಣಿ, ಈಟಿ ಕೊಟ್ಟಿದ್ದರು.

ಈಗ ಭೂತಗನ್ನಡಿ ಹಿಡಿದು ಗುರಾಣಿಗಳ ಮೇಲ್ಗಡೆ ನೋಡಿ. ಒಂದು ಸೌಟು, ಒಂದು ಡೊಂಕು ಕೋಲು. ಸೌಟು ಪೂಜೆಯಲ್ಲಿ ದ್ರಾಕ್ಷಾರಸ ಎರೆಯುವುದಕ್ಕೆ. ಪುರೋಹಿತ ಪದವಿ ಪಡೆದ ಗಾಯಸ್‌ನ ಗುರುತು. ಕೋಲು ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುವವರದು; ಅದು ಲೂಸಿಯಸ್‌ನದು. ಮುಂದಿನ ದೊರೆಗಳು ಇವರೇ ಎಂದು ಬೆರಳುಗುರಿನಷ್ಟು ಜಾಗದಲ್ಲಿ ಸಾರಿಬಿಟ್ಟಿದ್ದಾರೆ! ಆದರೆ ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ 4ರಲ್ಲಿ ತೀರಿಕೊಂಡರು. ಪಟ್ಟ ಅಗಸ್ಟಸ್‌ನ ಹೆಂಡತಿಯ ಮೊದಲ ಮದುವೆಯ ಮಗ ಟಿಬೇರಿಯಸ್‌ಗೆ ಹೋಯಿತು.

ಮುಂಬದಿಯ ಬರಹವೂ ಕಾಲ ಹೇಳುತ್ತದೆ. ಅದರಲ್ಲಿ 'ದೇಶದ ತಂದೆ' ಎಂಬ ಬಿರುದಿದೆ. ಅದು ಅಗಸ್ಟಸ್‌ಗೆ ಸಿಕ್ಕಿದ್ದು ಕ್ರಿ.ಪೂ. 2ರಲ್ಲಿ. ಅಂದಮೇಲೆ ನಾಣ್ಯ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಅಲ್ವಾ?

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಅಗಸ್ಟಸ್‌ನ ಈ ಬಗೆಯದೂ ಟಿಬೇರಿಯಸ್‌ನದೂ ತುಂಬಾ ಜಾಸ್ತಿ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಕ್ರಿ.ಶ. 64ರ ಹೊತ್ತಿಗೆ ಚಕ್ರವರ್ತಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಅದಕ್ಕೇ ಹಳೆಯ ನಾಣ್ಯಗಳಿಗೆ ಇಲ್ಲಿ ಬೆಲೆ ಉಳಿಯಿತು. ಇಲ್ಲಿನವರು ಅವನ್ನು ನೋಡಿ ನಕಲೂ ಮಾಡಿದರು. ಅಂಥವುಗಳಲ್ಲಿ ಹುಡುಗರು, ಗುರಾಣಿ ಎಲ್ಲಾ ಇರುತ್ತವೆ, ಲ್ಯಾಟಿನ್ ಅಕ್ಷರಗಳು ಮಾತ್ರ ಬರೀ ಗೀಟುಗಳಾಗಿರುತ್ತವೆ. ನನಗೆ ಅವು ಅಸಲಿಗಿಂತ ಹೆಚ್ಚು ಇಷ್ಟ. ಓದಲು ಬಾರದ ಅಕ್ಷರವನ್ನು ಯಾರೋ ಅಷ್ಟು ಶ್ರದ್ಧೆಯಿಂದ ಕೊರೆದಿದ್ದಾರೆ.

ಇಂಥ ನಾಣ್ಯ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲು ಸವೆಯುವುದೇ ಆ ಸೌಟು, ಆ ಕೋಲು.